ನಾಲ್ಕು ಮೇಜಿನ ಆಟಕ್ಕೆ ಎಷ್ಟು ರ‍್ಯಾಮ್ ಬೇಕು?

ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನಮಗೆ ಸುದ್ದಿ ಬರೆಯುವುದು ಕಲಿಸಿದರು, ಲ್ಯಾಪ್‌ಟಾಪ್ ಬಿಚ್ಚುವುದು ಕಲಿಸಲಿಲ್ಲ. ಆದರೆ ಹಳ್ಳಿಯಲ್ಲಿ ಯಾರ ಹೆಗಲ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಇರುತ್ತದೋ ಅವರೇ ಅದರ ಡಾಕ್ಟರು. ಸುದ್ದಿಗೆಂದು ಹೋದ ಊರಲ್ಲಿ ಜನ ಮೊದಲು ಸುದ್ದಿ ಹೇಳುತ್ತಾರೆ, ಆಮೇಲೆ ಮನೆಯೊಳಗಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದು ಮುಂದಿಡುತ್ತಾರೆ. "ಇದು ಯಾಕೋ ಭಾಳ ನಿಧಾನ ಆಗೇತ್ರಿ, ಏನು ಹಾಕಿಸಬೇಕು ನೋಡ್ರಿ."

ಸ್ಟ್ರಿಂಗರ್ ಕೆಲಸದಲ್ಲಿ ಹಣ ಬರುವುದು ಅಚ್ಚಾದ ಸುದ್ದಿಯ ಲೆಕ್ಕದಲ್ಲಿ. ಹಾಗಾಗಿ ನಮ್ಮ ಲ್ಯಾಪ್‌ಟಾಪೂ ಹಳೆಯದೇ. ಹೊಸದು ಕೊಳ್ಳಲಾಗದೆ ಅದನ್ನೇ ಒಂದೊಂದು ಭಾಗ ಬದಲಿಸುತ್ತ ಏಳು ವರ್ಷ ಓಡಿಸಿದ್ದೇವೆ. ಹಾಗೆ ಕಲಿತ ವಿದ್ಯೆಯಿಂದಲೇ ಬಂದವರಿಗೆ ಸಲಹೆ ಕೊಡುತ್ತೇವೆ. ಯಾರು ಕೇಳಿದರೂ ನಮ್ಮ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಏನು ಕೆಲಸ ಮಾಡುತ್ತೀರಿ?

2024ರ ಡಿಸೆಂಬರ್‌ನಲ್ಲಿ ಈ ಪ್ರಶ್ನೆಗೆ ಮುಕ್ಕುಂದದ ಒಬ್ಬ ಹುಡುಗ ಕೊಟ್ಟ ಉತ್ತರ ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. "ಪೋಕರ್ ಆಡ್ತೀನಿ ಅಣ್ಣಾ. ಒಂದೇ ಸಲಕ್ಕ ಎಂಟು ಮೇಜು."

ಮುಕ್ಕುಂದ ನಮ್ಮ ಸಿಂಧನೂರು ತಾಲ್ಲೂಕಿನ ತುಂಗಭದ್ರೆ ದಡದ ಊರು. ಭತ್ತದ ಸೀಮೆ. ಆ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಬೆಳೆ ಹೋಯಿತೆಂದೇ ಎಲ್ಲರೂ ಎದೆ ಹಿಡಿದುಕೊಂಡಿದ್ದರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ಮತ್ತೆ ಮಳೆ ಬಂತು, ಭತ್ತ ಉಳಿಯಿತು. ಈ ಹುಡುಗನ ಮನೆಯಲ್ಲೂ ಮೂರು ಎಕರೆ ಭತ್ತ ಮಾರಿ, ಎರಡನೇ ಬೆಳೆಯ ಗೊಬ್ಬರಕ್ಕೂ ನಾಟಿ ಕೂಲಿಗೂ ಎಂದು 40 ಸಾವಿರ ತೆಗೆದಿಟ್ಟಿದ್ದರು. ಆ ದುಡ್ಡಿನ ಮೇಲೆಯೇ ಅವನ ಕಣ್ಣು.

ಅವನು ತಂದಿದ್ದ ಚೀಟಿ ಹೀಗಿತ್ತು: 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, 24 ಇಂಚಿನ ಬೇರೆ ಪರದೆ, ಇನ್ವರ್ಟರ್, ಸಾಧ್ಯವಾದರೆ ಗ್ರಾಫಿಕ್ಸ್ ಕಾರ್ಡ್ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಒಟ್ಟು ಕೂಡಿಸಿದರೆ 40 ಸಾವಿರಕ್ಕೆ ಸ್ವಲ್ಪ ಕಡಿಮೆ. ಯೂಟ್ಯೂಬ್ ನೋಡಿ ಬರೆದುಕೊಂಡಿದ್ದ.

ದಡ್ಡ ಹುಡುಗನೇನಲ್ಲ. ಪದವಿ ಮುಗಿಸಿ ಎರಡು ವರ್ಷ ಕೆಲಸ ಹುಡುಕಿದವನು. ಕೊಯ್ಲಿನ ಕಾಲಕ್ಕೆ ಭತ್ತ ಕೊಯ್ಯುವ ಯಂತ್ರದ ಜೊತೆ ಹೋಗಿ ಒಂದಿಷ್ಟು ದುಡಿಯುತ್ತಿದ್ದ. ಪೋಕರ್ ಎಂದರೆ ನಮ್ಮ ಊರಿನ ಅಂದರ್ ಬಾಹರ್ ಅಲ್ಲ ಎಂದು ನಮಗೇ ಪಾಠ ಮಾಡಿದ. 52 ಎಲೆಯ ಕಟ್ಟು, ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಕೈಗೆ ಬರಬಹುದಾದ ಎರಡೆಲೆಯ ಜೋಡಿ 1,326 ಬಗೆ. ಎರಡೂ ಎಕ್ಕ ಬರುವುದು 221 ಸಲಕ್ಕೆ ಒಮ್ಮೆ. ಇವೆಲ್ಲ ಅವನ ಬಾಯಲ್ಲೇ ಇತ್ತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಮೆರಿಕದ ಲೆಕ್ಕಪತ್ರ ನೌಕರ ಆನ್‌ಲೈನ್ ಅರ್ಹತಾ ಆಟದಿಂದ ದೊಡ್ಡ ಸ್ಪರ್ಧೆಗೆ ಹೋಗಿ 839 ಜನರಲ್ಲಿ ಗೆದ್ದು 25 ಲಕ್ಷ ಡಾಲರ್ ತಂದ ಕಥೆಯನ್ನೂ ಹೇಳಿದ. ಉಳಿದ 838 ಜನರ ಕಥೆ ಯೂಟ್ಯೂಬಿನಲ್ಲಿ ಇರಲಿಲ್ಲ.

ಆಗ ಅದು ಕಾನೂನಿಗೆ ವಿರುದ್ಧವೂ ಆಗಿರಲಿಲ್ಲ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟ ನಿಲ್ಲಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಅದಕ್ಕೂ ಮೊದಲೇ, 2013ರಲ್ಲಿ, ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದು ಇದೇ ಹೈಕೋರ್ಟ್ ಹೇಳಿತ್ತು. ಹಾಗಾಗಿ "ಬೇಡ" ಎಂದು ಒಂದೇ ಮಾತಲ್ಲಿ ಕಳಿಸುವಂತಿರಲಿಲ್ಲ. ಕಳಿಸಿದ್ದರೆ ಮರುದಿನ ಯಾವುದೋ ಅಂಗಡಿಗೆ ಹೋಗಿ ಚೀಟಿಯಲ್ಲಿದ್ದ ಅಷ್ಟನ್ನೂ ತರುತ್ತಿದ್ದ. ಕೂತು ಒಂದೊಂದೇ ಸಾಲು ನೋಡಿದೆವು.

ಮೊದಲು ಗ್ರಾಫಿಕ್ಸ್ ಕಾರ್ಡ್. ಅದನ್ನು ಹೊಡೆದು ಹಾಕಿದೆವು. ಪೋಕರ್ ಮೇಜು ಎಂದರೆ ಪರದೆಯ ಮೇಲೊಂದು ಚಿತ್ರ, ಅದರ ಮೇಲೆ ಎಲೆ ಸರಿದಾಡುತ್ತವೆ, ಅಷ್ಟೇ. ಕಾರು ಓಡಿಸುವ, ಗುಂಡು ಹಾರಿಸುವ ಆಟಕ್ಕೆ ಬೇಕಾದ ಕಾರ್ಡ್ ಇದಕ್ಕೆ ಬೇಡ. ಪ್ರೊಸೆಸರ್ ಕೂಡ ಇದ್ದದ್ದೇ ಸಾಕಿತ್ತು.

ಆಮೇಲೆ ರ‍್ಯಾಮ್. ಅವನ ಲ್ಯಾಪ್‌ಟಾಪಿನಲ್ಲಿ 4 ಜಿಬಿ ಇತ್ತು. ವಿಂಡೋಸ್ ಎದ್ದು ಕೂತರೆ ಅದರ ಅರ್ಧಕ್ಕಿಂತ ಹೆಚ್ಚು ತಾನೇ ತಿನ್ನುತ್ತದೆ. ರ‍್ಯಾಮ್ ಎಂದರೆ ಕಣ, ಹಾರ್ಡ್ ಡಿಸ್ಕ್ ಎಂದರೆ ಗೋದಾಮು. ಕಣ ಸಣ್ಣದಾದರೆ ತುಂಬಿದ ಚೀಲ ಗೋದಾಮಿಗೆ ಒಯ್ದು, ಬೇಕಾದಾಗ ಮತ್ತೆ ಹೊತ್ತು ತರಬೇಕು. ಒಂದೊಂದು ಮೇಜೂ ಒಂದೊಂದು ಕಿಟಕಿ. ನಾಲ್ಕು ತೆರೆದರೆ ಆ ಹೊರುವ ಕೆಲಸದಲ್ಲೇ ಲ್ಯಾಪ್‌ಟಾಪ್ ಸುಸ್ತಾಗಿ ನಿಂತುಬಿಡುತ್ತದೆ. ಪೋಕರ್‌ನಲ್ಲಿ ಪ್ರತಿ ಸರದಿಗೂ ಕೆಲವೇ ಸೆಕೆಂಡ್ ಸಮಯ. ಅಷ್ಟರಲ್ಲಿ ಒತ್ತದಿದ್ದರೆ ಎಲೆ ಬಿಟ್ಟಂತೆ, ಕಟ್ಟಿದ್ದ ಹಣವೂ ಹೋದಂತೆ. ಲ್ಯಾಪ್‌ಟಾಪ್ ಎಲ್ಲಿ ನಿಧಾನ ಆಗುತ್ತದೋ ಅಲ್ಲಿ ಜೇಬಿಗೆ ಕತ್ತರಿ.

ಇನ್ನೊಂದು 4 ಜಿಬಿ ಸೇರಿಸಿ 8 ಮಾಡಿದರೆ ಸಾಕು ಎಂದೆವು. 16 ಬೇಡ. ಕೊಳ್ಳುವ ಮೊದಲು ಒಂದು ವಿಷಯ ನೋಡಲೇಬೇಕು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂದು ತೋರಿಸುತ್ತದೆ. ಡಿಡಿಆರ್3 ಹಾಕುವ ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ಡಿಡಿಆರ್4ರ ಜಾಗಕ್ಕೆ ಡಿಡಿಆರ್5 ಕೂರುವುದಿಲ್ಲ. ಕೆಲವು ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಸೇರಿಸಲು ಜಾಗವೇ ಇರುವುದಿಲ್ಲ. ನೋಡದೆ ದುಡ್ಡು ಕೊಟ್ಟರೆ ಅಂಗಡಿಯವರು ಎಷ್ಟೋ ಸಲ ವಾಪಸ್ ತೆಗೆದುಕೊಳ್ಳುವುದಿಲ್ಲ.

ಮೂರನೆಯದು ಡಿಸ್ಕ್. ಹಳೆಯ ಲ್ಯಾಪ್‌ಟಾಪಿಗೆ ಒಂದೇ ಒಂದು ಭಾಗ ಬದಲಿಸಲು ದುಡ್ಡಿದ್ದರೆ ಅದು ಇದೇ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಅದೇ ಜಾಗಕ್ಕೆ ಕೂರುವ ಸಾಟಾ ಎಸ್‌ಎಸ್‌ಡಿ ಸುಮಾರು 500 ಎಂಬಿ ಓದುತ್ತದೆ. ಸಣ್ಣಸಣ್ಣ ಕಡತ ಹುಡುಕುವುದರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಇನ್ನೂ ವೇಗದ ಎನ್‌ವಿಎಂಇ ಬರುತ್ತದೆ, ಆದರೆ ಅದಕ್ಕೆ ಬೇರೆ ಸ್ಲಾಟ್ ಬೇಕು, ಅವನದರಲ್ಲಿ ಇರಲಿಲ್ಲ. 1 ಟಿಬಿ ಬಿಟ್ಟು 480 ಜಿಬಿ ಎಂದು ಬರೆದೆವು.

ನಾಲ್ಕನೆಯದು ಪರದೆ. ಹಲವು ಮೇಜಿನ ಆಟಗಾರರು ಮೊದಲು ಕೊಳ್ಳುವುದೇ ಇದನ್ನಂತೆ. ಅದರಲ್ಲಿ ಸತ್ಯವಿದೆ. ಲ್ಯಾಪ್‌ಟಾಪಿನ 1366 ಗುಣಿಲೆ 768 ಪರದೆಯಲ್ಲಿ ಹತ್ತೂವರೆ ಲಕ್ಷ ಚುಕ್ಕಿ. 1920 ಗುಣಿಲೆ 1080ರಲ್ಲಿ ಇಪ್ಪತ್ತು ಲಕ್ಷ ದಾಟುತ್ತದೆ, ಅಂದರೆ ಎರಡರಷ್ಟು ಜಾಗ. ನಾಲ್ಕು ಮೇಜನ್ನು ಒಂದರ ಮೇಲೊಂದು ಬೀಳದಂತೆ ಹರಡಲು ಅದು ಬೇಕು. ಹಾಗಿದ್ದರೂ ಪರದೆಯ ಸಾಲಿನ ಮುಂದೆ "ಮೂರು ತಿಂಗಳು ಬಿಟ್ಟು" ಎಂದು ಬರೆದೆವು. ಇನ್ವರ್ಟರ್ ಮುಂದೆಯೂ ಅದನ್ನೇ ಬರೆದೆವು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ನೆಟ್ ಬರುತ್ತಿದ್ದುದು ಮೊಬೈಲ್‌ನಿಂದ. ಕರೆಂಟು ಹೋದರೂ ಎರಡು ತಾಸು ನಡೆಯುತ್ತಿತ್ತು. ಈ ಆಟಕ್ಕೆ ಡೇಟಾ ಹೆಚ್ಚು ಬೇಡ, ಸಿಗ್ನಲ್ ಕಡಿಯಬಾರದು ಅಷ್ಟೇ. ಅದಕ್ಕೆ ಬೇರೆ ಕಂಪನಿಯ ಇನ್ನೊಂದು ಸಿಮ್ ಸಾಕು.

ಕೊನೆಗೆ ಚೀಟಿಯಲ್ಲಿ ಇಲ್ಲದ ಒಂದನ್ನು ನಾವೇ ಸೇರಿಸಿದೆವು. ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನ್ ಶುಚಿ ಮಾಡಿಸುವುದು. ನಮ್ಮ ಕಡೆ ಅಕ್ಕಿ ಗಿರಣಿಯ ದೂಳು, ಭತ್ತದ ಹೊಟ್ಟಿನ ದೂಳು ಎಲ್ಲಿ ಬೇಕಾದರೂ ನುಗ್ಗುತ್ತದೆ. ಫ್ಯಾನ್ ಕಟ್ಟಿಕೊಂಡರೆ ಲ್ಯಾಪ್‌ಟಾಪ್ ಕಾಯುತ್ತದೆ. ಕಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಷ್ಟೋ ಜನ "ರ‍್ಯಾಮ್ ಸಾಲದು" ಎಂದು ತರುವ ಲ್ಯಾಪ್‌ಟಾಪಿನ ರೋಗ ಇದೇ.

ಚೀಟಿಯ 40 ಸಾವಿರ ಐದು ಸಾವಿರದೊಳಗೆ ಬಂತು. ಅಷ್ಟು ದುಡ್ಡು ಅವನ ಕೂಲಿಯ ಹಣದಲ್ಲೇ ಇತ್ತು. ಗೊಬ್ಬರದ ದುಡ್ಡು ಮುಟ್ಟಬೇಡ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ.

ಆದರೆ ಇಷ್ಟಕ್ಕೇ ಬಿಟ್ಟರೆ ಲೆಕ್ಕ ಅರ್ಧವೇ. ನಾವು ಇನ್ನೊಂದು ಹಾಳೆ ತೆಗೆದುಕೊಂಡು, ಈ ಐದು ಸಾವಿರ ಏನನ್ನು ಬದಲಿಸುತ್ತದೆ, ಏನನ್ನು ಬದಲಿಸುವುದಿಲ್ಲ ಎಂದು ಬರೆಯತೊಡಗಿದೆವು.

ಎಲೆ ಬದಲಾಗುವುದಿಲ್ಲ. 4 ಜಿಬಿ ಇದ್ದರೂ 16 ಜಿಬಿ ಇದ್ದರೂ ಎರಡು ಎಕ್ಕ ಬರುವುದು 221ಕ್ಕೆ ಒಮ್ಮೆಯೇ. ಬದಲಾಗುವುದು ವೇಗ ಒಂದೇ. ಎದುರುಬದುರು ಕೂತು ಆಡಿದರೆ ತಾಸಿಗೆ 25ರಿಂದ 30 ಆಟ ಮುಗಿಯುತ್ತವೆ. ಆನ್‌ಲೈನಿನಲ್ಲಿ ಒಂದು ಮೇಜಿಗೆ ಸುಮಾರು 70. ನಾಲ್ಕು ಮೇಜಿಗೆ 280. ಅಂದರೆ ಸರಾಸರಿ 13 ಸೆಕೆಂಡಿಗೊಂದು ಆಟ. ಎಂಟು ಮೇಜಾದರೆ ಆರೂವರೆ ಸೆಕೆಂಡಿಗೊಂದು. ಲ್ಯಾಪ್‌ಟಾಪಿಗೆ ರ‍್ಯಾಮ್ ಸೇರಿಸಬಹುದು, ತಲೆಗೆ ಸೇರಿಸಲು ಸ್ಲಾಟ್ ಇಲ್ಲ. ಎಂಟನ್ನು ನಾಲ್ಕಕ್ಕೆ ಇಳಿಸಿದ್ದು ಹೀಗೆ.

ಇನ್ನು ರೇಕ್. ಪೋಕರ್ ನಡೆಸುವ ಕಂಪನಿ ತಾನು ಆಡುವುದಿಲ್ಲ. ಮೇಜಿನ ಮಧ್ಯೆ ಕೂಡಿದ ಹಣದಲ್ಲಿ ನೂರಕ್ಕೆ ಇಷ್ಟು ಎಂದು ತೆಗೆದುಕೊಳ್ಳುತ್ತದೆ. ಅದಕ್ಕೆ ರೇಕ್ ಎನ್ನುತ್ತಾರೆ. ಊರ ಹೊರಗೆ ಇಸ್ಪೀಟು ಆಡಿಸುವವನು ಜಾಗಕ್ಕೆ, ಚಹಾಕ್ಕೆ ಎಂದು ಎತ್ತಿಕೊಳ್ಳುತ್ತಾನಲ್ಲ, ಅದೇ. ಯಾರು ಗೆದ್ದರೂ ಯಾರು ಸೋತರೂ ಅವನ ಪಾಲು ಅವನಿಗೆ.

ಒಂದು ರೂಪಾಯಿ, ಎರಡು ರೂಪಾಯಿಯ ಸಣ್ಣ ಮೇಜಿನಲ್ಲಿ ಒಬ್ಬ ಆಟಗಾರನ ಪಾಲಿನ ರೇಕ್ ಆಟಕ್ಕೆ ಸರಾಸರಿ 25 ಪೈಸೆ ಎಂದು ಹಿಡಿದೆವು. ಒಂದು ಮೇಜು, 70 ಆಟ: ತಾಸಿಗೆ 17 ರೂಪಾಯಿ 50 ಪೈಸೆ. ನಾಲ್ಕು ಮೇಜು: ತಾಸಿಗೆ 70 ರೂಪಾಯಿ. ದಿನಕ್ಕೆ ಎರಡು ತಾಸು, ತಿಂಗಳಿಗೆ 25 ದಿನ ಆಡಿದರೆ ಒಂದು ಮೇಜಿಗೆ 875 ರೂಪಾಯಿ, ನಾಲ್ಕು ಮೇಜಿಗೆ 3,500 ರೂಪಾಯಿ. ಇದು ಸೋಲಿನ ಹಣ ಅಲ್ಲ, ಸೋತರೂ ಗೆದ್ದರೂ ಕೊಡುವ ಬಾಡಿಗೆ. ಅದರ ಮೇಲೆ 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿಗೆ 30% ತೆರಿಗೆ ಕಡಿತ, ಅದೇ ವರ್ಷದ ಅಕ್ಟೋಬರ್‌ನಿಂದ ಆಟಕ್ಕೆ ಕಟ್ಟುವ ಪೂರ್ತಿ ಹಣದ ಮೇಲೆ 28% ಜಿಎಸ್‌ಟಿ. ಜಿಎಸ್‌ಟಿಯನ್ನು ಕೆಲವು ಕಂಪನಿಗಳು ಬೋನಸ್ ಹೆಸರಲ್ಲಿ ತಾವೇ ಹೊತ್ತುಕೊಂಡವು. ಸುಮ್ಮನೆ ಯಾರೂ ಹೊರುವುದಿಲ್ಲ.

ಹುಡುಗ ಹಾಳೆ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಾನು ಉಳಿದೋರಿಗಿಂತ ಚಲೋ ಆಡಿದ್ರ ಇದನ್ನೂ ದಾಟಬಹುದಲ್ಲಣ್ಣಾ" ಎಂದ. ದಾಟಬಹುದು. ದಾಟುವವರು ಇದ್ದಾರೆ. ಅವನು ಅವರಲ್ಲಿ ಒಬ್ಬನೋ ಅಲ್ಲವೋ ಎಂದು ನಾವು ಹೇಳುವಂತಿಲ್ಲ, ಅವನೂ ಹೇಳುವಂತಿಲ್ಲ, ಪುಸ್ತಕ ಹೇಳಬೇಕು. ಪ್ರತಿ ರಾತ್ರಿ ಎಷ್ಟು ತಾಸು, ಎಷ್ಟು ಕಟ್ಟಿದೆ, ಎಷ್ಟು ತೆಗೆದೆ, ಖಾತೆಯಲ್ಲಿ ರೇಕ್ ಎಷ್ಟು ತೋರಿಸುತ್ತದೆ, ನಾಲ್ಕೂ ಬರೆಯಬೇಕು ಎಂದೆವು. ಒಪ್ಪಿದ. ಸಿಂಧನೂರಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿಕೊಂಡು, ಫ್ಯಾನ್ ಶುಚಿ ಮಾಡಿಸಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಹೋದ.

ನಾವು ಅಂದುಕೊಂಡಿದ್ದಕ್ಕಿಂತ ಶಿಸ್ತಿನಿಂದ ಬರೆದ. 2025ರ ಫೆಬ್ರವರಿಯಿಂದ ಜೂನ್‌ವರೆಗೆ ಐದು ತಿಂಗಳು. ಜುಲೈನಲ್ಲಿ ಸುದ್ದಿಗೆಂದು ಆ ಕಡೆ ಹೋದಾಗ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಕಟ್ಟಿದ್ದು 22,000. ತೆಗೆದದ್ದು 15,200. ಹೋದದ್ದು 6,800. ರೇಕ್ ಎಂದು ಕೊಟ್ಟದ್ದು 15,900.

ಈ ನಾಲ್ಕು ಅಂಕಿಯನ್ನು ನಿಧಾನಕ್ಕೆ ಓದಿ. 15,900ರಲ್ಲಿ 6,800 ಕಳೆದರೆ 9,100. ಅಂದರೆ ಎದುರಿಗೆ ಕೂತ ಆಟಗಾರರ ಮೇಲೆ ಅವನು ನಿಜವಾಗಿಯೂ 9,100 ರೂಪಾಯಿ ಗೆದ್ದಿದ್ದ. ಅವನ ಆಟ ಚೆನ್ನಾಗಿಯೇ ಇತ್ತು. ಆಡುವ ಜಾಗದ ಬಾಡಿಗೆ ಅದಕ್ಕಿಂತ ಹೆಚ್ಚಿತ್ತು. ಐದು ತಿಂಗಳ ಆಟದಲ್ಲಿ ಅದೃಷ್ಟದ ಪಾಲೂ ದೊಡ್ಡದೇ, ಇನ್ನೂ ಆಡಿದ್ದರೆ 9,100 ಮೇಲೂ ಹೋಗಬಹುದಿತ್ತು, ಕೆಳಗೂ ಬರಬಹುದಿತ್ತು. ರೇಕ್ ಮಾತ್ರ ಕೆಳಗೆ ಬರುತ್ತಿರಲಿಲ್ಲ. ಲ್ಯಾಪ್‌ಟಾಪ್ ವೇಗವಾದಷ್ಟೂ ಅದು ಏರುತ್ತಿತ್ತು.

ಅವನಿಗೆ ಇದು ಸೋಲಿಗಿಂತ ಹೆಚ್ಚು ನೋವು ಕೊಟ್ಟಿತು ಎಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. "ನಾ ಸೋತಿಲ್ಲ, ಆದ್ರೂ ದುಡ್ಡಿಲ್ಲ" ಎಂದ. ಅವರಪ್ಪ ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಬೈಯಲಿಲ್ಲ. "ಭತ್ತದಾಗೂ ಹಂಗ ಐತಲ್ಲೋ ಯಪ್ಪಾ" ಎಂದಷ್ಟೇ ಹೇಳಿದರು.

ಮುಂದಿನ ತಿಂಗಳು ದಿಲ್ಲಿಯಲ್ಲಿ ಇಡೀ ಆಟವೇ ಬದಲಾಯಿತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆ 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ, 21ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಹಳೆಯ ವಾದಕ್ಕೆ ಅದು ಹೋಗಲೇ ಇಲ್ಲ. ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ಯಾವುದಾದರೂ ಸರಿ, ನಡೆಸಿದವರಿಗೆ 3 ವರ್ಷದವರೆಗೆ ಜೈಲು ಅಥವಾ 1 ಕೋಟಿ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷದವರೆಗೆ. ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಬೇರೆ ಬೇರೆ ಹೈಕೋರ್ಟ್‌ಗಳಿಂದ ಸುಪ್ರೀಂ ಕೋರ್ಟ್‌ಗೆ ಹೋದವು. ದೊಡ್ಡ ಕಂಪನಿಗಳು ಅದೇ ವಾರ ಹಣದ ಮೇಜು ಮುಚ್ಚಿದವು. ಹುಡುಗನ ಖಾತೆಯಲ್ಲಿ ಉಳಿದಿದ್ದ ಸಾವಿರ ಚಿಲ್ಲರೆ ರೂಪಾಯಿ ಬ್ಯಾಂಕಿಗೆ ಬಂತು.

ಇದು ಮೊದಲನೇ ಸಲವೂ ಅಲ್ಲ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಮೂರು ದೊಡ್ಡ ಪೋಕರ್ ಕಂಪನಿಗಳ ಬಾಗಿಲು ಒಂದೇ ದಿನ ಹಾಕಿಸಿತ್ತು. ಹಲವು ಪರದೆ ಜೋಡಿಸಿಕೊಂಡು ಅದನ್ನೇ ಕಸುಬು ಮಾಡಿಕೊಂಡಿದ್ದವರು ಅಲ್ಲಿಯೂ ಇದ್ದರು. ಬರೀ ಒಂದೇ ಕೆಲಸಕ್ಕೆಂದು ಕಟ್ಟಿದ ಯಂತ್ರದ ಪಾಡು ಆ ಕೆಲಸ ನಿಂತ ದಿನ ಗೊತ್ತಾಗುತ್ತದೆ. 24 ಇಂಚಿನ ಪರದೆಯನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಮುಕ್ಕುಂದದ ಆ ಮನೆಗೆ ತಂದಿದ್ದರೆ ಆ ಆಗಸ್ಟ್‌ನಲ್ಲಿ ಅದನ್ನು ಅರ್ಧ ಬೆಲೆಗೂ ಕೇಳುವವರು ಇರುತ್ತಿರಲಿಲ್ಲ. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಹಾಗಲ್ಲ. ಅವು ಯಾವ ಕೆಲಸಕ್ಕೂ ಬರುತ್ತವೆ.

ಓದುವ ತಮ್ಮಂದಿರಿಗೆ ಒಂದು ಮಾತು. ಬಾಗಿಲು ಮುಚ್ಚಿದ ಮೇಲೆ ಕಿಂಡಿಗಳು ತೆರೆದಿವೆ. ಟೆಲಿಗ್ರಾಂ, ವಾಟ್ಸ್‌ಆ್ಯಪ್‌ಗಳಲ್ಲಿ ಲಿಂಕ್ ಬರುತ್ತದೆ, ವಿದೇಶದ ಮೇಜು ಎನ್ನುತ್ತಾರೆ, ಎಪಿಕೆ ಕಡತ ಹಾಕಿಕೋ ಎನ್ನುತ್ತಾರೆ, ಯಾರದೋ ಹೆಸರಿನ ಯುಪಿಐಗೆ ಹಣ ಹಾಕು ಎನ್ನುತ್ತಾರೆ. ಅಲ್ಲಿ ರೇಕ್ ಎಷ್ಟು ಎಂದು ಲೆಕ್ಕ ಹಾಕುವುದೂ ದಂಡ, ಕಟ್ಟಿದ್ದೇ ವಾಪಸ್ ಬರುವ ಖಾತ್ರಿಯಿಲ್ಲ. ಆ ಕಡತ ನಿಮ್ಮ ಮೊಬೈಲಿನ ಒಟಿಪಿಯನ್ನೂ ಓದಬಹುದು. ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಆಟ ಬಿಡಲಾಗದೆ ನಿದ್ದೆ ಕೆಟ್ಟಿದ್ದರೆ, ಮನೆಯಲ್ಲಿ ಹೇಳಲಾಗದ ಸಾಲವಾಗಿದ್ದರೆ 14416 ಟೆಲಿ ಮಾನಸ್ ಇದೆ. ಹಣ ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಹಳೆಯ ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಎಲ್ಲ ಹಳೆಯ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಹಾಗೆಂದು ಬಿಸಾಡಬೇಡಿ. ಲಿನಕ್ಸ್ ಮಿಂಟ್‌ನಂಥದ್ದು ಉಚಿತ, 4 ಜಿಬಿ ರ‍್ಯಾಮ್‌ನಲ್ಲೂ ನಡೆಯುತ್ತದೆ, ಕನ್ನಡ ಟೈಪಿಂಗ್ ಆಗುತ್ತದೆ, ಬ್ರೌಸರ್ ಇರುತ್ತದೆ. ಅರ್ಜಿ ತುಂಬಲು, ಓದಲು, ಬರೆಯಲು ಅಷ್ಟು ಸಾಕು.

ಮುಕ್ಕುಂದದ ಆ ಲ್ಯಾಪ್‌ಟಾಪ್ ಈಗಲೂ ನಡೆಯುತ್ತಿದೆ. ಓಣಿಯವರ ಪಹಣಿ ತೆಗೆಯುವುದು, ಫ್ರೂಟ್ಸ್ ನೋಂದಣಿ ನೋಡುವುದು, ಪರೀಕ್ಷೆಯ ಅರ್ಜಿ ತುಂಬುವುದು ಅದರಲ್ಲೇ. ಪೋಕರ್ ಬರೆಯುತ್ತಿದ್ದ ಪುಸ್ತಕದ ಪಕ್ಕದಲ್ಲಿ ಹುಡುಗ ಇನ್ನೊಂದು ಹಾಳೆ ತೆರೆದಿದ್ದಾನೆ. ಅದರಲ್ಲಿ ಮೂರು ಎಕರೆ ಭತ್ತದ ಲೆಕ್ಕ: ಬೀಜ, ಗೊಬ್ಬರ, ಔಷಧ, ನಾಟಿ, ಕೊಯ್ಲಿನ ಯಂತ್ರದ ಬಾಡಿಗೆ. ಅದರ ಕೆಳಗೆ ಬೇರೆ ಗುಂಪಾಗಿ ಕೈಗಡದ ಬಡ್ಡಿ, ಹಮಾಲಿ, ಕಮಿಷನ್, ತೂಕದಲ್ಲಿ ಕಡಿತ. ಆ ಗುಂಪಿಗೆ ಅವನು ಇಟ್ಟ ಹೆಸರು ರೇಕ್.

ಬೆಳೆ ಬಂದರೂ ಬಾರದಿದ್ದರೂ ಕೊಡಬೇಕಾದದ್ದು ಯಾವುದು, ಬೆಳೆ ಬಂದರೆ ಮಾತ್ರ ಕೊಡಬೇಕಾದದ್ದು ಯಾವುದು ಎಂದು ಬಣ್ಣ ಹಚ್ಚಿ ಬೇರೆ ಮಾಡಿದ್ದಾನೆ. ಬಡ್ಡಿಯ ಸಾಲನ್ನು ಮುಂದಿನ ಬೆಳೆಗೆ ಹೇಗಾದರೂ ತೆಗೆಯಬೇಕು ಎಂದು ಅಪ್ಪ ಮಗ ಕೂತು ಮಾತಾಡುತ್ತಿದ್ದಾರೆ. ಸಹಕಾರ ಸಂಘದ ಬೆಳೆಸಾಲಕ್ಕೆ ಯಾವ ಯಾವ ಕಾಗದ ಬೇಕು ಎಂದು ಹೋದ ವಾರ ಹುಡುಗ ಫೋನ್ ಮಾಡಿದ್ದ. ವಿಚಾರಿಸಿ ಹೇಳುತ್ತೇವೆ ಎಂದಿದ್ದೇವೆ.